ವಠಾರದ ನಲ್ಲಿಗೆ ಹೊಸ ಪೈಪು

ಬೆಳಗಿನ ಐದು ಗಂಟೆ. ವಠಾರದ ನಲ್ಲಿಯಲ್ಲಿ ನೀರು ಬಂತು. ಮೊದಲು ಬುಸ್ ಎಂದು ಗಾಳಿ ಬಂತು. ಆಮೇಲೆ ಕೆಂಪು ನೀರು.

"ಏನಜ್ಜಿ ಇದು, ಕಷಾಯದ ಥರ ಬರ್ತಿದೆ!" ಎಂದರು ಹೂ ಮಾರುವ ಅಕ್ಕ.

"ಸ್ವಲ್ಪ ಹೊತ್ತು ಬಿಡಮ್ಮ, ತಿಳಿಯಾಗುತ್ತೆ. ದಿನಾ ಇದೇ ಗೋಳು," ಎಂದರು ಮೂಲೆ ಮನೆ ಅಜ್ಜಿ.

ಇದು ಬೆಂಗಳೂರಿನ ಚಾಮರಾಜಪೇಟೆಯ ಒಂದು ಹಳೆಯ ವಠಾರ. ಇಲ್ಲಿ 8 ಮನೆಗಳಿವೆ. ಎಲ್ಲಕ್ಕೂ ಒಂದೇ ಪೈಪು. ಬೆಂಗಳೂರಿಗೆ ಕಾವೇರಿ ನೀರು ಬಂದದ್ದು 1974ರಲ್ಲಿ. ಆಸುಪಾಸಿನಲ್ಲೇ ಈ ಪೈಪು ಹಾಕಿದರು ಎಂದು ಅಜ್ಜಿ ಹೇಳುತ್ತಾರೆ. ಅಂದರೆ ಪೈಪಿಗೆ ಸುಮಾರು 50 ವರ್ಷ.

ಆಗ ಹಾಕುತ್ತಿದ್ದದ್ದು ಜಿ.ಐ. ಪೈಪು. ಇದು ಕಬ್ಬಿಣದ ಪೈಪು. ಮೇಲೆ ಸತುವಿನ ಲೇಪ ಇರುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತೇವಲ್ಲ, ಹಾಗೆ. ವರ್ಷಗಳು ಕಳೆದಂತೆ ಸತು ಸವೆದು ಹೋಗುತ್ತದೆ. ಕಬ್ಬಿಣಕ್ಕೆ ನೀರು ತಾಗಿ ತುಕ್ಕು ಹಿಡಿಯುತ್ತದೆ. ತುಕ್ಕು ಒಳಗೇ ಗಂಟು ಗಂಟಾಗಿ ಬೆಳೆಯುತ್ತದೆ. ಪೈಪಿನ ಬಾಯಿ ಕಿರಿದಾಗುತ್ತದೆ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರಿಗೆ ತುಕ್ಕು ಬಿಡುತ್ತದೆ. ಅದಕ್ಕೇ ಬೆಳಗಿನ ಮೊದಲ ನೀರು ಕೆಂಪು.

ತುಕ್ಕಿನಿಂದ ಬಟ್ಟೆಗೆ ಕಲೆ ಬೀಳುತ್ತದೆ, ಬಾಯಿಗೆ ಒಗರು ಬರುತ್ತದೆ. "ಕಬ್ಬಿಣ ತಾನೇ, ರಕ್ತಕ್ಕೆ ಒಳ್ಳೇದು" ಎಂದು ಒಬ್ಬ ಅಕ್ಕ ನನ್ನನ್ನು ಕೇಳಿದ್ದುಂಟು. ಇಲ್ಲ. ರಕ್ತ ಕಡಿಮೆ ಇದ್ದರೆ ಆಸ್ಪತ್ರೆಯಲ್ಲಿ ಕೊಡುವ ಮಾತ್ರೆಯನ್ನೇ ನುಂಗಬೇಕು.

ಆದರೆ ನಮ್ಮ ಭಯ ತುಕ್ಕಿನದಲ್ಲ. ತೂತಿನದು. ಈ ವಠಾರದ ಪೈಪು ಚರಂಡಿಯ ಪಕ್ಕದಲ್ಲೇ ಹೋಗಿತ್ತು. ಮಳೆಗಾಲದಲ್ಲಿ ಮೂರು ಮನೆಯ ಮಕ್ಕಳಿಗೆ ವಾಂತಿ ಭೇದಿ ಆಯಿತು. ಒಂದು ಮಗುವಿಗೆ ಎರಡು ದಿನ ಗ್ಲೂಕೋಸ್ ಹಾಕಿಸಬೇಕಾಯಿತು.

"ನೀರು ಹೊರಗೆ ಸೋರುತ್ತೆ ಸರಿ. ಚರಂಡಿ ನೀರು ಒಳಗೆ ಹೇಗೆ ಬರುತ್ತೆ ಟೀಚರ್?" ಎಂದು ಮಗುವಿನ ತಾಯಿ ಕೇಳಿದರು.

ಒಳ್ಳೆಯ ಪ್ರಶ್ನೆ. ನೀರು ಬರುವಾಗ ಪೈಪಿನಲ್ಲಿ ಒತ್ತಡ ಇರುತ್ತದೆ. ಆಗ ತೂತಿನಿಂದ ನೀರು ಹೊರಗೆ ಚಿಮ್ಮುತ್ತದೆ. ನೀರು ನಿಂತ ಮೇಲೆ ಪೈಪು ಖಾಲಿಯಾಗುತ್ತಾ ಹೋಗುತ್ತದೆ. ಆಗ ಅದೇ ತೂತಿನಿಂದ ಹೊರಗಿನ ಕೊಳೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಎಳನೀರನ್ನು ಕೊಳವೆಯಿಂದ ಹೀರುತ್ತೇವಲ್ಲ, ಹಾಗೆ. ಮಾರನೆಯ ಸಲ ನೀರು ಬಿಟ್ಟಾಗ ಆ ಕೊಳೆ ನಮ್ಮ ಬಿಂದಿಗೆಗೆ ಬರುತ್ತದೆ. ವಾಂತಿ ಭೇದಿ, ಟೈಫಾಯ್ಡ್, ಕಾಮಾಲೆ ಹರಡುವುದು ಹೀಗೂ ಉಂಟು. ನೀರನ್ನು ಚೆನ್ನಾಗಿ ಕುದಿಸಿದರೆ ರೋಗಾಣು ಸಾಯುತ್ತವೆ. ಪೈಪು ಸರಿಯಾಗುವ ತನಕ ಕುಡಿಯುವ ನೀರನ್ನು ಕುದಿಸಲೇಬೇಕು.

ಮಾಲೀಕರು ಸೋರಿದಾಗಲೆಲ್ಲ ಸೈಕಲ್ ಟ್ಯೂಬು ಸುತ್ತಿಸುತ್ತಿದ್ದರು. ಒಂದು ಸಲ ಎರಡು ಅಡಿ ಹೊಸ ಪೈಪು ಹಾಕಿಸಿದರು. ಹಳೆ ಜಾಯಿಂಟನ್ನು ತಿರುಗಿಸುವಾಗ ಪಕ್ಕದ ಜಾಯಿಂಟು ಒಡೆಯಿತು! ಮರೆ ಕೊರೆದ ಜಾಗದಲ್ಲಿ ಪೈಪು ತೆಳ್ಳಗಿರುತ್ತದೆ. ಮೊದಲು ಕೊಳೆಯುವುದೂ ಅಲ್ಲೇ. ತೇಪೆ ಹಾಕುವುದು ದುಡ್ಡು ದಂಡ ಎಂದೇ ನನ್ನ ಅಭಿಪ್ರಾಯ. ಮೀಟರಿನಿಂದ ನಲ್ಲಿಯವರೆಗೆ ಪೂರಾ ಬದಲಾಯಿಸಬೇಕು.

ಮಾಲೀಕರನ್ನು ಒಪ್ಪಿಸುವುದು ಹೇಗೆ? ಹೆಂಗಸರು ಒಂದು ಬಕೆಟ್ ಇಟ್ಟರು. 15 ಲೀಟರಿನದು. ಗಡಿಯಾರ ನೋಡಿದರು. ಬಕೆಟ್ ತುಂಬಲು 6 ನಿಮಿಷ ಬೇಕಾಯಿತು. ಅದನ್ನು ಬರೆದುಕೊಂಡರು. ಕೆಂಪು ನೀರನ್ನು ಗಾಜಿನ ಸೀಸೆಯಲ್ಲಿ ಹಿಡಿದಿಟ್ಟರು. ಆಮೇಲೆ ಮಾಲೀಕರಿಗೆ ಒಂದು ಕಾಗದ ಬರೆದರು. ಕೆಳಗೆ 8 ಮನೆಯವರ ಸಹಿ. ಒಂದೂ ಹೆಬ್ಬೆಟ್ಟಿನ ಗುರುತಿಲ್ಲ. ಅಜ್ಜಿ ಸಹಿ ಮಾಡಲು ಐದು ನಿಮಿಷ ತೆಗೆದುಕೊಂಡರು, ಆದರೂ ಮಾಡಿದರು. ಮಾಲೀಕರು ಎರಡು ವಾರ ಸುಮ್ಮನಿದ್ದರು. ಮೂರನೆಯ ವಾರ ಪ್ಲಂಬರ್ ಬಂದ.

ಈಗ ಮನೆಗಳಿಗೆ ಹೆಚ್ಚಾಗಿ ಸಿ.ಪಿ.ವಿ.ಸಿ. ಪೈಪು ಹಾಕುತ್ತಾರೆ. ಇದು ಪ್ಲಾಸ್ಟಿಕ್ಕಿನದು. ತುಕ್ಕು ಹಿಡಿಯುವುದಿಲ್ಲ. ಬಿಸಿನೀರನ್ನೂ ತಡೆಯುತ್ತದೆ. ಪೈಪಿನ ಮೇಲೆ ಐ.ಎಸ್.ಐ. ಗುರುತು ಇರಬೇಕು. ಜೊತೆಗೆ 15778 ಎಂಬ ಅಂಕಿ ಇರಬೇಕು. ಇಂಗ್ಲಿಷ್ ಬಾರದಿದ್ದರೂ ಅಂಕಿ ಓದಬಹುದಲ್ಲ! ಹೂವಿನ ಅಕ್ಕ ಪ್ರತಿ ಪೈಪನ್ನೂ ತಿರುಗಿಸಿ ಓದಿದರು. ಪ್ಲಂಬರ್‌ಗೆ ಸ್ವಲ್ಪ ಕೋಪ ಬಂತು. ಬರಲಿ. ಬಿಸಿಲು ಬೀಳುವ ಕಡೆ ಪೈಪಿಗೆ ಬಣ್ಣ ಹೊಡೆಸಬೇಕು, ಇಲ್ಲವೆ ಮುಚ್ಚಬೇಕು. ಹೊಸ ಪೈಪನ್ನು ಚರಂಡಿಯಿಂದ ದೂರ, ಗೋಡೆಯ ಮೇಲೆ ಎತ್ತರದಲ್ಲಿ ಹಾಕಿಸಿದರು.

ಇನ್ನೊಂದು ಮಾತು. ಇದು ಜೀವದ ಪ್ರಶ್ನೆ. ಹಳೆ ಮನೆಗಳಲ್ಲಿ ಕರೆಂಟಿನ ಅರ್ತ್ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಕಟ್ಟಿರುವುದುಂಟು. ಪೈಪು ಕಿತ್ತರೆ ಅರ್ತ್ ಹೋಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ಆಮೇಲೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮುಟ್ಟಿದರೆ ಶಾಕ್ ಹೊಡೆಯಬಹುದು. ಈ ವಠಾರದಲ್ಲೂ ಎರಡು ಮನೆಯ ತಂತಿ ಹಾಗೇ ಇತ್ತು. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಅರ್ತ್ ಹಾಕಿಸಿದರು. ಆಮೇಲೆ ಪೈಪು ಕಿತ್ತರು.

ಅಂಟು ಒಣಗುವ ತನಕ ನೀರು ಬಿಡಲಿಲ್ಲ. ಮೊದಲು ಬಂದ ನೀರನ್ನು ಕುಡಿಯಲಿಲ್ಲ, ಪೈಪು ತೊಳೆದು ಹೋಗಲಿ ಎಂದು ಹರಿಯಬಿಟ್ಟರು. ಮತ್ತೆ ಅದೇ ಬಕೆಟ್ ಇಟ್ಟರು. ಈಗ ಒಂದೂವರೆ ನಿಮಿಷಕ್ಕೆ ತುಂಬಿತು.

ಹಳೆ ಪೈಪನ್ನು ಗುಜರಿಗೆ ಹಾಕಿದರು. ಒಂದು ಗೇಣು ತುಂಡನ್ನು ಮಾತ್ರ ನಮ್ಮ ಕಲಿಕಾ ಕೇಂದ್ರಕ್ಕೆ ತಂದುಕೊಟ್ಟರು. ಅದರ ಒಳಗೆ ಪೆನ್ಸಿಲ್ಲು ಕೂಡ ಹೋಗುವುದಿಲ್ಲ.

ಮಾಡಿ ನೋಡಿ: ನಿಮ್ಮ ನಲ್ಲಿಯ ಕೆಳಗೆ ಬಕೆಟ್ ಇಡಿ. ಎಷ್ಟು ಲೀಟರಿನ ಬಕೆಟ್? ತುಂಬಲು ಎಷ್ಟು ನಿಮಿಷ? ತಾರೀಖು ಹಾಕಿ ಬರೆದಿಡಿ. ಆರು ತಿಂಗಳ ನಂತರ ಮತ್ತೆ ಅಳೆಯಿರಿ.