ದೊಡ್ಡ ತಳಿಯ ನಾಯಿಗಳಲ್ಲಿ ಎಲುಬಿನ ಕ್ಯಾನ್ಸರ್

ಸಾಕಿದ ನಾಯಿ ಕುಂಟತೊಡಗಿದರೆ ಕಾಲು ಉಳುಕಿರಬಹುದೆಂದು ಭಾವಿಸಿ ಕೆಲವು ದಿನ ಕಾಯುವುದು ವಾಡಿಕೆ. ಆದರೆ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ರಾಟ್‌ವೀಲರ್, ಐರಿಶ್ ವುಲ್ಫ್‌ಹೌಂಡ್ ಮೊದಲಾದ ಭಾರೀ ತಳಿಗಳಲ್ಲಿ, ಅದರಲ್ಲಿಯೂ ಏಳೆಂಟು ವರ್ಷ ತುಂಬಿದ ನಾಯಿಗಳಲ್ಲಿ, ಬಿಡದೆ ಕಾಡುವ ಕುಂಟನ್ನು ಅಲಕ್ಷಿಸಲಾಗದು. ಅದು ಆಸ್ಟಿಯೋಸಾರ್ಕೋಮಾ ಎಂಬ ಎಲುಬಿನ ಕ್ಯಾನ್ಸರಿನ ಪ್ರಥಮ ಸೂಚನೆಯಾಗಿರಬಹುದು. ನಾಯಿಗಳ ಎಲುಬಿನಲ್ಲಿಯೇ ಹುಟ್ಟುವ ಕ್ಯಾನ್ಸರ್ ಗಂತಿಗಳಲ್ಲಿ ಸುಮಾರು ಶೇಕಡಾ 85ರಷ್ಟು ಈ ಬಗೆಯವು.

ಈ ಗಂತಿಗೆ ಮೆಚ್ಚಿನ ನೆಲೆಗಳುಂಟು. ಮುಂಗಾಲಿನಲ್ಲಿ ಹೆಗಲಿನ ಬಳಿ ಇಲ್ಲವೆ ಮಣಿಕಟ್ಟಿನ ಬಳಿ, ಹಿಂಗಾಲಿನಲ್ಲಿ ಬಹುಮಟ್ಟಿಗೆ ಮೊಣಕಾಲಿನ ಸಮೀಪ ಅದು ತಲೆದೋರುತ್ತದೆ. ಅಲ್ಲಿ ಗಟ್ಟಿಯಾದ ಊತ, ಮುಟ್ಟಿದರೆ ನೋವು ಕಂಡುಬರುತ್ತವೆ. ಶಿಥಿಲಗೊಂಡ ಎಲುಬು ಸಣ್ಣ ನೆಗೆತಕ್ಕೂ ಮುರಿಯಬಹುದು.

ಕ್ಷ-ಕಿರಣ ಚಿತ್ರದಲ್ಲಿ ಎಲುಬು ಒಂದೆಡೆ ಕರಗಿ, ಮತ್ತೊಂದೆಡೆ ಅಡ್ಡಾದಿಡ್ಡಿಯಾಗಿ ಬೆಳೆದಿರುವುದು ಕಾಣುತ್ತದೆ. ಎಲುಬಿಗೆ ತಗಲುವ ಕೆಲವು ಶಿಲೀಂಧ್ರ ರೋಗಗಳೂ ಇದೇ ರೂಪವನ್ನು ತೋರಬಲ್ಲವಾದ್ದರಿಂದ, ಗಂತಿಯ ಅಂಶವನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವನ್ನು ಖಚಿತಪಡಿಸಿಕೊಳ್ಳಬೇಕು. ಎದೆಯ ಚಿತ್ರವನ್ನೂ ತೆಗೆಯುವುದು ಅಗತ್ಯ. ರೋಗ ಪತ್ತೆಯಾದಾಗ ನೂರರಲ್ಲಿ ಸುಮಾರು ಹತ್ತು ನಾಯಿಗಳಲ್ಲಿ ಮಾತ್ರ ಶ್ವಾಸಕೋಶದ ಗಂತಿ ಕಣ್ಣಿಗೆ ಬೀಳುತ್ತದೆ. ಆದರೆ ಸುಮಾರು ತೊಂಬತ್ತರಲ್ಲಿ ಅದರ ಕಣಗಳು ಆಗಲೇ ಅಗೋಚರವಾಗಿ ಹರಡಿರುತ್ತವೆ.

ಚಿಕಿತ್ಸೆಯ ತಿರುಳು ಇಲ್ಲಿಯೇ ಇದೆ. ರೋಗಪೀಡಿತ ಕಾಲನ್ನು ಕತ್ತರಿಸಿ ತೆಗೆಯುವುದರಿಂದ ನೋವು ನೀಗುತ್ತದೆ. ಹೆಚ್ಚಿನ ನಾಯಿಗಳು ಮೂರು ಕಾಲಿನಲ್ಲಿಯೇ ಚೆನ್ನಾಗಿ ಓಡಾಡುತ್ತವೆ. ಆದರೆ ಇದೊಂದರಿಂದಲೇ ಆಯುಷ್ಯ ಬೆಳೆಯದು. ಸಾಮಾನ್ಯವಾಗಿ ನಾಲ್ಕೈದು ತಿಂಗಳಲ್ಲಿ ಶ್ವಾಸಕೋಶದ ಗಂತಿಗಳು ಪ್ರಾಣ ತೆಗೆಯುತ್ತವೆ. ಶಸ್ತ್ರಚಿಕಿತ್ಸೆಯ ತರುವಾಯ ಕಾರ್ಬೊಪ್ಲಾಟಿನ್‌ನಂತಹ ಔಷಧಗಳನ್ನು ಕೊಟ್ಟರೆ ಈ ಅವಧಿ ಹತ್ತು ತಿಂಗಳಿಂದ ಒಂದು ವರ್ಷದವರೆಗೆ ವಿಸ್ತರಿಸುತ್ತದೆ. ಕಾಲು ತೆಗೆಯಲಾಗದ ನಾಯಿಗಳಿಗೆ ವಿಕಿರಣ ಚಿಕಿತ್ಸೆ ಮತ್ತು ನೋವು ನಿವಾರಕಗಳು ನೆರವಾಗುತ್ತವೆ. ಮನುಷ್ಯರ ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ಕೊಡುವುದು ಅಪಾಯಕರ. ಐಬುಪ್ರೊಫೇನ್ ನಾಯಿಗೆ ವಿಷಪ್ರಾಯ.

ಬೆಳೆಯುವ ವಯಸ್ಸಿನ ಮಕ್ಕಳನ್ನು ಕಾಡುವ ಎಲುಬಿನ ಕ್ಯಾನ್ಸರ್ ಇದನ್ನೇ ಬಹುವಾಗಿ ಹೋಲುತ್ತದೆ. ಅಮೆರಿಕದ ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ನಾಯಿಗಳ ಕಾಲನ್ನು ಉಳಿಸಿಕೊಂಡು ಗಂತಿಯನ್ನಷ್ಟೇ ತೆಗೆಯಲು ನಡೆಸಿದ ಶಸ್ತ್ರಕ್ರಿಯೆಗಳ ಅನುಭವ ಮಕ್ಕಳ ಚಿಕಿತ್ಸೆಗೂ ಉಪಕರಿಸಿದೆ.

ಪೂರ್ಣ ಗುಣದ ಭರವಸೆ ವಿರಳವಾದ ಈ ರೋಗದಲ್ಲಿ ನೋವಿಲ್ಲದ ದಿನಗಳೇ ದೊಡ್ಡ ಲಾಭ. ನೋವನ್ನು ತಡೆಯಲಾಗದ ಹಂತ ಬಂದಾಗ, ವೈದ್ಯರೊಡನೆ ಸಮಾಲೋಚಿಸಿ ಶಾಂತವಾದ ಮರಣವನ್ನು ಒದಗಿಸುವುದೂ ಸಾಕಿದವರ ಹೊಣೆಯೇ. ಮೂಕಪ್ರಾಣಿಗೆ ಕುಂಟೊಂದೇ ಮಾತು. ಅದನ್ನು ಬೇಗನೆ ಅರಿತುಕೊಳ್ಳುವುದು ಅದರ ಒಡೆಯನ ಮೊದಲ ಕರ್ತವ್ಯ.