ಹಳೆಯ ಆಟೊಮ್ಯಾಟಿಕ್ ಕಾರಿನ ಎಳೆತ ಕುಗ್ಗಿದಾಗ

ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರಲ್ಲಿ ಇಪ್ಪತ್ತು ವರ್ಷ ದಾಟಿದ ಒಂದು ಆಟೊಮ್ಯಾಟಿಕ್ ಕಾರು ಉಂಟು. ಅವರನ್ನು ಇಲ್ಲಿ ರಾಯರೆಂದೇ ಕರೆಯೋಣ. ಎಡಮೊಣಕಾಲು ಸೋತು ಕ್ಲಚ್ಚು ತುಳಿಯಲಾಗದ ಅವರಿಗೆ ಬೇರೆ ಬಗೆಯ ಗಾಡಿ ಒಗ್ಗುವುದಿಲ್ಲ. ಹನುಮಾನ್ ಘಾಟಿನ ಗಲ್ಲಿಗಳೊಳಕ್ಕೆ ಕಾರು ಬಾರದು. ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ, ಮನೆಯವರನ್ನು ಕೈಹಿಡಿದು ಅಲ್ಲಿಯವರೆಗೆ ನಡೆಸಿ, ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಊರಿನಿಂದ ಬರುವವರನ್ನು ಮೊಗಲ್‌ಸರಾಯಿಯಿಂದ, ಅಂದರೆ 2018ರಿಂದ ಪಂಡಿತ ದೀನದಯಾಳ ಉಪಾಧ್ಯಾಯರ ಹೆಸರು ಹೊತ್ತ ಜಂಕ್ಷನ್ನಿನಿಂದ, ಕರೆತರುವುದೂ ಆ ಗಾಡಿಯೇ.

ಒಂದು ಸಂಜೆ ಹಾಗೆ ಹಿಂದಿರುಗುವಾಗ ರಾಜಘಾಟದ ಮಾಳವೀಯ ಸೇತುವೆಯ ಮೇಲೆ ಗಾಡಿ ಸೊರಗಿತು. 1887ರಲ್ಲಿ ತೆರೆದ ಆ ಸೇತುವೆಯಲ್ಲಿ ರೈಲು ಕೆಳಗೆ, ರಸ್ತೆ ಮೇಲೆ; ಹಿಂದೆ ಲಾರಿಗಳ ಸಾಲು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಎತ್ತಿನಗಾಡಿಯ ನಡಿಗೆ. ಮರುದಿನ ಒಂದು ವರ್ಕ್‌ಶಾಪಿನವರು ಐದೇ ನಿಮಿಷ ನೋಡಿ, “ಗೇರುಪೆಟ್ಟಿಗೆ ಹೋಯಿತು, ಬದಲಿಸಬೇಕು” ಎಂದರು. ಅವರು ಹೇಳಿದ ಖರ್ಚು ಗಾಡಿಯನ್ನು ಮಾರಿದರೂ ಹುಟ್ಟದು. ರಾಯರು ವಾಚನಾಲಯಕ್ಕೆ ಬಂದು ಪತ್ರಿಕೆಯನ್ನು ಬಿಡಿಸದೆಯೇ ಕುಳಿತರು. ನಮ್ಮಲ್ಲಿ ಯಂತ್ರಗಳ ಗೀಳಿನವರು ಇಬ್ಬರು ಮೂವರು ಇದ್ದೇವೆ. ನಾವೇ ನೋಡೋಣವೆಂದು ಹೊರಟೆವು.

ಮೊದಲು ಈ ಗಾಡಿಯ ಗುಟ್ಟನ್ನು ತಿಳಿಯತಕ್ಕದ್ದು. ಎರಡು ಮೇಜು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಕರೆಂಟು ಕೊಟ್ಟರೆ, ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆಯೆಂದುಕೊಳ್ಳಿ. ಎಂಜಿನ್ನು ಒಂದು ಚಕ್ರದಿಂದ ಎಣ್ಣೆಯನ್ನು ಎರಚುತ್ತದೆ, ಎದುರಿನ ಚಕ್ರ ಅದರ ಹೊಡೆತಕ್ಕೆ ತಿರುಗಿ ಗೇರುಪೆಟ್ಟಿಗೆಗೆ ಬಲ ಮುಟ್ಟಿಸುತ್ತದೆ. ನಡುವಿನ ಮೂರನೆಯ ಪುಟ್ಟ ಚಕ್ರವೊಂದು ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದುವುದರಿಂದ, ನಿಂತ ಗಾಡಿ ಹೊರಡುವಾಗ ತಿರುಗಿಸುವ ಬಲ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಇದೇ ಟಾರ್ಕ್ ಕನ್ವರ್ಟರ್. ಜರ್ಮನಿಯ ಫೊಟಿಂಗರ್ ಎಂಬ ಎಂಜಿನಿಯರು 1905ರಲ್ಲಿ ಇದಕ್ಕೆ ಪೇಟೆಂಟು ಪಡೆದದ್ದು ಹಡಗುಗಳಿಗಾಗಿ. ಕಾರಿಗೆ ಅದು ಇಳಿದು ಬಂದದ್ದು ಆಮೇಲೆ.

ಹೀಗೆ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಎಣ್ಣೆ ಇರುವುದರಿಂದ ‘ಪಿಕಪ್ಪು ಇಲ್ಲ’ ಎಂಬ ಒಂದೇ ದೂರಿಗೆ ಮೂರು ಬೇರೆ ಬೇರೆ ಮೂಲಗಳಿರಬಹುದು: ಎಂಜಿನ್ನು ಬಲ ಹುಟ್ಟಿಸುತ್ತಿಲ್ಲ, ಹುಟ್ಟಿದ ಬಲ ಗೇರುಪೆಟ್ಟಿಗೆಯಲ್ಲಿ ಜಾರುತ್ತಿದೆ, ಅಥವಾ ಚಕ್ರಕ್ಕೆ ತಲುಪಿದ ಬಲವನ್ನು ಬ್ರೇಕು ತಿನ್ನುತ್ತಿದೆ. ಇದನ್ನು ವಿಂಗಡಿಸದೆ ಸ್ಪಾನರು ಹಿಡಿಯುವವನನ್ನು ನಂಬಬಾರದು. ವಿಂಗಡಿಸುವ ಸಾಕ್ಷಿಯಾದರೂ ಕಣ್ಣೆದುರೇ ಇರುತ್ತದೆ; ಎಂಜಿನ್ನಿನ ಸುತ್ತು ತೋರಿಸುವ ಮುಳ್ಳು. ಮುಳ್ಳು ಸರ್ರನೆ ಏರಿ ಗಾಡಿ ಮಾತ್ರ ಏರದಿದ್ದರೆ ಗೇರುಪೆಟ್ಟಿಗೆಯ ಮೇಲೆ ಸಂಶಯ. ಒತ್ತಿದರೂ ಮುಳ್ಳೇ ಏರದಿದ್ದರೆ ಮೊದಲು ಎಂಜಿನ್ನನ್ನೂ ಬ್ರೇಕನ್ನೂ ನೋಡತಕ್ಕದ್ದು.

ರಾಯರನ್ನು ಕೇಳಿದೆವು. “ಮುಳ್ಳು ಎರಡೂವರೆ ಸಾವಿರಕ್ಕೆ ಅಂಟಿಕೊಂಡಂತೆ ಇತ್ತಪ್ಪಾ” ಎಂದರು. ಐದು ನಿಮಿಷ ನೋಡಿದ ವರ್ಕ್‌ಶಾಪಿನವರು ಈ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಆದರೂ ಗೇರುಪೆಟ್ಟಿಗೆಯ ಎಣ್ಣೆಯನ್ನು ನೋಡಿದೆವು. ಕಡ್ಡಿಯನ್ನು ಎಳೆದು ಬಿಳಿಯ ಬಟ್ಟೆಗೆ ಒರೆಸಬೇಕು. ಕೆಂಪಾಗಿ ತಿಳಿಯಾಗಿದ್ದರೆ ಕ್ಷೇಮ. ಕಂದುಗಟ್ಟಿ ಸುಟ್ಟವಾಸನೆ ಬಂದರೆ ಒಳಗಿನ ಕ್ಲಚ್ಚಿನ ಬಿಲ್ಲೆಗಳು ಬೆಂದಿವೆ. ಹಾಲು ಬೆರೆಸಿದ ಶರಬತ್ತಿನಂತಿದ್ದರೆ ರೇಡಿಯೇಟರಿನ ನೀರು ನುಸುಳಿದೆ. ಎಣ್ಣೆಯ ಮಟ್ಟ ನೋಡುವ ಕ್ರಮ ಗಾಡಿಯಿಂದ ಗಾಡಿಗೆ ಬೇರೆ. ಕೆಲವಕ್ಕೆ ಎಂಜಿನ್ನು ಓಡುತ್ತಿರಬೇಕು, ಕೆಲವಕ್ಕೆ ಆರಿಸಿದ ತುಸು ಹೊತ್ತಿನಲ್ಲೇ ನೋಡಬೇಕು. ಕೈಪಿಡಿ ಇಲ್ಲದೆ ಕೈಹಾಕಕೂಡದು. ರಾಯರ ಎಣ್ಣೆ ಕೆಂಪಾಗಿಯೇ ಇತ್ತು. ಗೇರಿನ ದೀಪವೂ ಮಿಣುಕುತ್ತಿರಲಿಲ್ಲ. ಅದು ಮಿಣುಕಿದರೆ ಗಾಡಿಯ ಕಂಪ್ಯೂಟರು ದೋಷ ಕಂಡು ಒಂದೇ ಗೇರಿನಲ್ಲಿ ಕಟ್ಟಿಹಾಕಿರುವುದುಂಟು. ಆಗಲೂ ಗಾಡಿ ಹೊರಡಲು ತಿಣುಕುತ್ತದೆ. ಆಮೇಲೆ ಜಾಕು ಕೊಟ್ಟು ಚಕ್ರಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ, ಬ್ರೇಕು ಹಿಡಿದಿಲ್ಲವೆಂದು ಖಚಿತಮಾಡಿಕೊಂಡೆವು.

ಇಲ್ಲಿ ನಮ್ಮಿಂದಲೂ ಒಂದು ತಪ್ಪಾಯಿತೆಂದು ಒಪ್ಪಿಕೊಳ್ಳಬೇಕು. ಎಲ್ಲವೂ ಪೆಟ್ರೋಲಿನ ದೋಷವೆಂದು ನಾವು ಹಟಹಿಡಿದೆವು. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲು 2025ರ ಹೊತ್ತಿಗೆ ದೇಶವೆಲ್ಲ ಹರಡಿತ್ತು. ಹಳೆಯ ಗಾಡಿಗಳ ರಬ್ಬರಿನ ಭಾಗಗಳು ಅದಕ್ಕೆಂದು ಮಾಡಿದವಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಒಂದು ಲೀಟರು ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಶಕ್ತಿ ಕಡಮೆ, ಐದರಲ್ಲೊಂದು ಪಾಲು ಬೆರೆತಾಗ ಒಟ್ಟು ಕೊರತೆ ಶೇಕಡ 6-7. ಅಷ್ಟರಿಂದ ಗಾಡಿ ಸೇತುವೆಯ ಮೇಲೆ ತೆವಳದು. ಲೆಕ್ಕವನ್ನು ಮೊದಲೇ ಹಾಕಿದ್ದರೆ ಪೆಟ್ರೋಲು ಫಿಲ್ಟರಿನ ಹಣ ಉಳಿಯುತ್ತಿತ್ತು. ಏರ್ ಫಿಲ್ಟರು ಬದಲಿಸಿದ್ದಕ್ಕೆ ಮಾತ್ರ ಪಶ್ಚಾತ್ತಾಪವಿಲ್ಲ. ಕಾಶಿಯ ಧೂಳು ಅದರಲ್ಲಿ ಕಂಬಳಿಯಂತೆ ಕುಳಿತಿತ್ತು. ಗಾಡಿಗೆ ತುಸು ಜೀವ ಬಂತು, ಅಷ್ಟೆ.

ಕೊನೆಗೆ ದಾರಿ ತೋರಿದ್ದು ವ್ಯಾಕ್ಯೂಮ್ ಗೇಜು. ಎಂಜಿನ್ನು ಗಾಳಿ ಎಳೆಯುವ ಕೊಳವೆಗೆ ಇದನ್ನು ಸಿಕ್ಕಿಸಿದರೆ, ಸಣ್ಣಗೆ ಓಡುವ ಆರೋಗ್ಯವಂತ ಎಂಜಿನ್ನು ಪಾದರಸದ 17ರಿಂದ 21 ಅಂಗುಲ ತೋರಿಸುತ್ತದೆ. ಕಾಶಿ ಸಮುದ್ರಮಟ್ಟಕ್ಕಿಂತ ಸುಮಾರು 80 ಮೀಟರು ಮಾತ್ರ ಎತ್ತರ; 900 ಮೀಟರು ಎತ್ತರದ ಬೆಂಗಳೂರಿನಲ್ಲಾದರೆ ಅದೇ ಎಂಜಿನ್ನು ಮೂರು ಅಂಗುಲ ಕಡಮೆ ತೋರಿಸುವುದು ಸಹಜ. ರಾಯರ ಗಾಡಿ 18ರಲ್ಲಿ ನಿಂತಿತು, ಮುಳ್ಳು ಮಾತ್ರ ಆಗಾಗ ಸಣ್ಣಗೆ ಅದುರುತ್ತಿತ್ತು. ಸುತ್ತನ್ನು 2500ಕ್ಕೆ ಏರಿಸಿ ಹಾಗೆಯೇ ಹಿಡಿದೆವು. ಮುಳ್ಳು ಮೇಲೆ ನಿಲ್ಲುವ ಬದಲು ಮೆಲ್ಲಮೆಲ್ಲನೆ ಇಳಿಯತೊಡಗಿತು. ಒಳಕ್ಕೆ ಎಳೆದ ಉಸಿರನ್ನು ಹೊರಬಿಡಲು ಜಾಗವಿಲ್ಲ! ಸೈಲೆನ್ಸರಿಗಿಂತ ಮುಂಚಿನ ಕ್ಯಾಟಲಿಟಿಕ್ ಕನ್ವರ್ಟರ್, ಎಂದರೆ ವಿಷದ ಹೊಗೆಯನ್ನು ಶುದ್ಧಿಮಾಡುವ ಜೇನುಗೂಡಿನಂಥ ಪಿಂಗಾಣಿಯ ಭಾಗ, ಕಟ್ಟಿಹೋಗಿತ್ತು. ಎಂಜಿನ್ನು ಆರಿದ ಮೇಲೆ ಅದಕ್ಕಿಂತ ಮುಂದಿನ ಕೀಲನ್ನು ಸಡಿಲಿಸಿ ಮತ್ತೆ ಓಡಿಸಿದಾಗ ಗದ್ದಲ ವಿಪರೀತ, ಆದರೆ ಎಂಜಿನ್ನು ಹುಡುಗನಂತೆ ಕುಣಿಯಿತು. ಈ ಕೆಲಸವನ್ನು ಬಯಲಿನಲ್ಲಿಯೇ ಮಾಡಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಆ ಹೊಗೆ ಪ್ರಾಣ ತೆಗೆಯುತ್ತದೆ.

ಅದು ಕಟ್ಟಿದ್ದೇಕೆ? ಅದುರುತ್ತಿದ್ದ ಮುಳ್ಳು ಅದನ್ನೂ ಹೇಳಿತ್ತು. ನಾಲ್ಕರಲ್ಲಿ ಒಂದು ಸಿಲಿಂಡರಿನ ಸ್ಪಾರ್ಕ್ ಪ್ಲಗ್ಗು ಸವೆದು ಕಿಡಿ ತಪ್ಪುತ್ತಿತ್ತು. ಉರಿಯದ ಪೆಟ್ರೋಲು ಕನ್ವರ್ಟರಿನೊಳಗೆ ಹೋಗಿ ಅಲ್ಲಿ ಉರಿದು, ಪಿಂಗಾಣಿಯನ್ನೇ ಕರಗಿಸಿತ್ತು. ಪ್ಲಗ್ಗು ಬದಲಿಸದೆ ಹೊಸ ಕನ್ವರ್ಟರ್ ಹಾಕಿದ್ದರೆ ಅದಕ್ಕೂ ಇದೇ ಗತಿ. ಮಿಸ್ತ್ರಿಯೊಬ್ಬ, “ಒಳಗಿನದನ್ನು ಒಡೆದು ಖಾಲಿ ಮಾಡಿಬಿಡುತ್ತೇನೆ, ಬಾಬೂಜೀ, ಕಾಸೂ ಉಳಿಯಿತು” ಎಂದ. ಚಳಿಗಾಲದಲ್ಲಿ ಈ ಊರಿನ ಗಾಳಿ ಹೇಗಿರುತ್ತದೆಂದು ಗೊತ್ತಿರುವ ನಾವು ಅದಕ್ಕೆ ಒಪ್ಪಲಿಲ್ಲ. ರಾಯರ ಮನೆಯವರು ಉಸಿರಾಡುವುದೂ ಅದೇ ಗಾಳಿಯನ್ನು.

ಸ್ಟಾಲ್ ಪರೀಕ್ಷೆಯೆಂಬುದೊಂದು ಉಂಟು: ಬ್ರೇಕನ್ನು ಬಲವಾಗಿ ಒತ್ತಿ, ಚಕ್ರಗಳಿಗೆ ಅಡ್ಡ ಕೊಟ್ಟು, ಗೇರಿನಲ್ಲಿಟ್ಟು ಆಕ್ಸಿಲರೇಟರನ್ನು ಪೂರ್ತಿ ಒತ್ತುವುದು. ಸುತ್ತು ಮಿತಿಮೀರಿ ಏರಿದರೆ ಗೇರುಪೆಟ್ಟಿಗೆ ಜಾರುತ್ತಿದೆ. ತೀರ ಕಡಮೆಯಾದರೆ ಎಂಜಿನ್ನು ಸೊರಗಿದೆ, ಇಲ್ಲವೆ ನಡುವಿನ ಆ ಪುಟ್ಟ ಚಕ್ರದ ಹಿಡಿತ ತಪ್ಪಿದೆ. ಐದು ಸೆಕೆಂಡು ಮೀರಿದರೆ ಎಣ್ಣೆ ಬೇಯುತ್ತದೆ. ಹಳೆಯ ಬ್ರೇಕಿನ ಗಾಡಿಯ ಎದುರು ಯಾರಾದರೂ ನಿಂತಿದ್ದರೆ ಏನಾದೀತೆಂದು ಹೇಳಬೇಕಿಲ್ಲ. ನಾವು ಅದನ್ನು ಮಾಡಲಿಲ್ಲ, ಮಾಡುವ ಅಗತ್ಯವೂ ಬೀಳಲಿಲ್ಲ.

ಪ್ಲಗ್ಗುಗಳು, ಹೊಸ ಕನ್ವರ್ಟರ್, ಕೂಲಿ ಎಲ್ಲ ಸೇರಿದರೂ ಗೇರುಪೆಟ್ಟಿಗೆಗೆಂದು ಹೇಳಿದ್ದರ ಕಾಲುಭಾಗ ಆಗಲಿಲ್ಲ. ಮರುವಾರ ರಾಯರು ಮೈಸೂರಿನಿಂದ ಬಂದ ತಂಗಿಯನ್ನು ಕರೆತರಲು ಅದೇ ಸೇತುವೆಯ ಮೇಲೆ ಹೋಗಿಬಂದರು. ಮುಳ್ಳು ನಾಲ್ಕು ಸಾವಿರ ಮುಟ್ಟಿತೆಂದು ಫೋನು ಮಾಡಿ ಹೇಳಿದರು.