ಪುಟ್ಟಿಯ ದಂಡಿಗೆ ಉಪ್ಪು ಎಲ್ಲಿಂದ?

ಪುಟ್ಟೀ, ನಿನ್ನ ಕಥೆ ಎರಡು ಸಲ ಓದಿದೆ. ಲೋಕವೆಲ್ಲ ಹಾಳಾದ ಮೇಲೆ, 2290ನೇ ಇಸವಿಯಲ್ಲಿ, ನಮ್ಮ ಘಟ್ಟದ ಕಾಡಿನೊಳಗೆ ಬದುಕುಳಿದ ಒಂದು ದಂಡು. ಕಪ್ಪು ಅಂಗಿ, ಲೇಸರ್ ಕೋವಿ, ಮುಖಕ್ಕೆ ಮುಸುಕು. ಚೆನ್ನಾಗಿದೆ. ಆದರೆ ಅರವತ್ತು ಪುಟದಲ್ಲಿ ಒಬ್ಬನಾದರೂ ಊಟಕ್ಕೆ ಕೂತದ್ದು ನನಗೆ ಕಾಣಲಿಲ್ಲ. ಭದ್ರಾವತಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಪಾಳಿ ಮಾಡಿದವನು ನಾನು. ಬುತ್ತಿ ಬರುವುದು ಅರ್ಧ ಗಂಟೆ ತಡವಾದರೆ ಎಂಥ ಶಿಸ್ತಿನವನೂ ಸಿಡುಕುತ್ತಿದ್ದ. ಗೋಪಾಳದ ಮನೆ ಜಗಲಿಯಲ್ಲಿ ಮಳೆ ನೋಡುತ್ತ ಇದನ್ನು ಬರೆದಿದ್ದೇನೆ. ಬೇಕಾದ್ದು ತಗೋ, ಬೇಡದ್ದು ಬಿಡು.

• ಮೊದಲು ಉಪ್ಪಿನ ದಾರಿ ಹುಡುಕು. ಮಲೆನಾಡಿನಲ್ಲಿ ಅಕ್ಕಿ ಇದೆ, ಮೆಣಸಿದೆ, ಜೇನಿದೆ, ಉಪ್ಪಿಲ್ಲ. ಅದು ಘಟ್ಟ ಹತ್ತಿ ಬರಬೇಕು. ಕೆಳದಿಯ ನಾಯಕರು ಕಾಡಿನಲ್ಲಿ ಕೂತು ಆಳಿದರೂ ಹೊನ್ನಾವರ, ಬಸರೂರು, ಮಂಗಳೂರಿನ ಮೇಲೆ ಸುಮ್ಮನೆ ಕಣ್ಣಿಟ್ಟವರಲ್ಲ. ಅವರಲ್ಲೊಬ್ಬನಾದ ಶಿವಪ್ಪ ನಾಯಕ ಈಗಿನ ಕಾಸರಗೋಡಿನ ಬೇಕಲದಲ್ಲೂ ಕೋಟೆ ಕಟ್ಟಿಸಿದ. ನಿನ್ನ ದಂಡಿನವರು ‘ಹೊರಗಿನವರ ಹಂಗೇ ಬೇಡ’ ಅಂತ ಆಣೆ ಮಾಡುತ್ತಾರಲ್ಲ, ಅವರ ಅಪ್ಪೆಮಿಡಿಗೆ ಉಪ್ಪು ಕೊಟ್ಟವರು ಯಾರು? ಕದ್ದು ತರುವವನೊಬ್ಬ ಇರಲಿ. ಎಲ್ಲರೂ ಅವನನ್ನು ಬಯ್ಯಲಿ, ಯಾರೂ ಹಿಡಿದು ಕೊಡದಿರಲಿ.

• ಶಿಸ್ತು ಅಂದರೆ ಕವಾಯತು ಅಂತ ತಿಳಿಯಬೇಡ. ‘ಶಿಸ್ತಿನ ಶಿವಪ್ಪ ನಾಯಕ’ ಎನ್ನುತ್ತೇವಲ್ಲ, ಆ ಶಿಸ್ತು ಕಂದಾಯದ್ದು. ಬಗೆಬಗೆಯ ನೆಲದಲ್ಲಿ 12 ವರ್ಷ ಬೆಳೆ ತೆಗೆಸಿ, ಖರ್ಚು ಹುಟ್ಟುವಳಿ ಬರೆಸಿ, ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ ಅಂತ ಗೊತ್ತು ಮಾಡಿದನಂತೆ. ನಿನ್ನ ಸೇನಾಪತಿ ಹನ್ನೆರಡು ದಿನ ಕಾಯುವವನಂತೆಯೂ ಕಾಣುವುದಿಲ್ಲ. ಪಣತದ ಭತ್ತ ಅಳೆಯುವ ಒಬ್ಬ ಮುದುಕಿಯನ್ನು ತಾ. ಅವಳು ‘ಇಲ್ಲ’ ಅಂದರೆ ಯುದ್ಧ ನಿಲ್ಲಬೇಕು.

• ಮಳೆಗಾಲವನ್ನು ಪೂರ್ತಿ ಬರೆ. ಫ್ರಾಂಕ್ ಹರ್ಬರ್ಟ್ 1965ರಲ್ಲಿ ಬರೆದ ‘ಡ್ಯೂನ್’ ಕಥೆಯನ್ನು ನೀನೇ ನನಗೆ ಹೇಳಿದ್ದು. ಅದರಲ್ಲಿ ಫ್ರೆಮೆನ್ ಜನ ಮರಳುಗಾಡಿನವರು. ಅವರಿಗೆ ನೀರೇ ಆಸ್ತಿ, ಎದುರಿಗೆ ಉಗುಳಿದರೆ ಅದು ಮರ್ಯಾದೆ, ಸತ್ತವನ ಮೈನೀರೂ ಕುಲಕ್ಕೆ ಸೇರಬೇಕು. ಅದನ್ನೇ ತಂದು ಆಗುಂಬೆಗೆ ಅಂಟಿಸಿದರೆ ಆಗುತ್ತದೆಯೇ? ಇಲ್ಲಿ ನೀರು ಅತಿಯಾಗಿಯೇ ಕಷ್ಟ. ಆಷಾಢದಲ್ಲಿ ಒಣ ಕಟ್ಟಿಗೆಯೇ ಚಿನ್ನ. ಮದ್ದು ತೇವವಾಗುತ್ತದೆ, ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ, ಬೆರಳ ಸಂದಿ ಕೊಳೆಯುತ್ತದೆ. ನಿನ್ನ ಜನ ಅತಿಥಿ ಬಂದರೆ ಒಂದು ಒಣ ಸೌದೆ ಕೈಗೆ ಕೊಡಲಿ. ಸತ್ತವನ ಪಾಲಿನ ಸೌದೆ ಅವನ ಚಿತೆಗೋ, ಇದ್ದವರ ಒಲೆಗೋ ಅಂತ ಜಗಳವಾಗಲಿ. ಒಂದು ಅಧ್ಯಾಯ ಅಲ್ಲೇ ಸಿಕ್ಕಿತು ನೋಡು. ಅಟ್ಟ, ಕಂಬಳಿ ಕೊಪ್ಪೆ, ಗೊರಬು, ಹಲಸಿನ ಹಪ್ಪಳ, ನೀರಲ್ಲಿ ನೆನೆಸಿದ ಕಳಲೆ, ಇದೆಲ್ಲ ನಿನ್ನಜ್ಜಿಯನ್ನು ಕೇಳು, ನನಗಿಂತ ಚೆನ್ನಾಗಿ ಹೇಳುತ್ತಾಳೆ.

• ಉಂಬಳ ಕಚ್ಚದ ಮಲೆನಾಡ ಸೈನಿಕನನ್ನು ನಾನು ನಂಬುವುದಿಲ್ಲ.

• ಕಬ್ಬಿಣ ಎಲ್ಲಿಂದ ಬಂತು? ಇದು ನನ್ನ ಕಸುಬಿನ ಮಾತು, ಸ್ವಲ್ಪ ಉದ್ದವಾದರೆ ಸಹಿಸಿಕೋ. ಭದ್ರಾವತಿಯ ಊದುಕುಲುಮೆ 1923ರಲ್ಲಿ ಶುರುವಾದಾಗ ಉರಿದದ್ದು ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯದ್ದು, ಇದ್ದಿಲು ಸುತ್ತಲ ಕಾಡಿನ ಮರದ್ದು. ಕಬ್ಬಿಣ ಬೇಕೆಂದರೆ ಕಾಡು ಸುಡಬೇಕು. ನಿನ್ನ ದಂಡು ಬಚ್ಚಿಟ್ಟುಕೊಂಡಿರುವುದು ಕಾಡಿನಲ್ಲಿ, ಕೋವಿ ಮಾಡುವುದೂ ಅದೇ ಕಾಡಿನಿಂದ. ಒಂದೊಂದು ಕೋವಿಗೂ ಮರೆ ಒಂದೊಂದು ಮಾರು ಹಿಂದೆ ಸರಿಯುತ್ತದೆ. ಮರ ಕಡಿಯುವವರೂ ಬೇಹಿನವರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ ಅಂತ ಬರೆ, ಉಳಿದದ್ದು ತಾನೇ ಬರುತ್ತದೆ.

• ಆಯುಧಕ್ಕೂ ರಜೆ ಬೇಕು. ಕೊಡಗಿನವರು ಸೆಪ್ಟೆಂಬರ್ 3ರಂದು ಮಾಡುವ ಕೈಲ್‌ಪೊಳ್ದ್ ಹಬ್ಬ ನೆನಪು ಮಾಡಿಕೋ. ಗದ್ದೆ ಕೆಲಸದ ಹೊತ್ತಿಗೆ ಕೋವಿ ದೇವರ ಕೋಣೆ ಸೇರಿದರೆ, ನಾಟಿ ಮುಗಿದ ಮೇಲೆಯೇ ತೋಕ್‌ಪೂ ಎಂಬ ಹೂ ಮುಡಿಸಿ ಪೂಜೆ ಮಾಡಿ ಹೊರಗೆ ತೆಗೆಯುವ ವಾಡಿಕೆ. ದಿನವಿಡೀ ಕೋವಿ ಹೆಗಲಿಗೇರಿಸಿಕೊಂಡು ತಿರುಗುವ ನಿನ್ನ ಹುಡುಗರು ಸಸಿ ಕೀಳುವುದು ಯಾವಾಗ?

• ದಂಡು ಕರಗಿದ ಮೇಲೆ ಏನು ಉಳಿಯಿತು, ಅದನ್ನೂ ಯೋಚಿಸು. ನಮ್ಮ ಕಡೆ ದೀವರನ್ನು ಹಳೇಪೈಕರು ಅಂತಲೂ ಕರೆಯುವುದುಂಟು. ಪೈಕ ಅಂದರೆ ಕಾಲಾಳು. ಇವತ್ತು ಸಾಗರ, ಸೊರಬದ ಕಡೆ ಭೂಮಿ ಹುಣ್ಣಿಮೆಗೆ ಹೋಗಿ ನೋಡು: ಚಿತ್ತಾರ ಬರೆದ ಬುಟ್ಟಿ ಹೊತ್ತು, ಬೆಳಗಿನ ಜಾವ ಗದ್ದೆಗಿಳಿದು, ಭತ್ತದ ಬಸಿರಿಗೆ ಎಡೆ ಬೀರುತ್ತಾರೆ. ಹೆಸರಿನಲ್ಲಿ ಕಾಲಾಳು ಉಳಿದಿದ್ದಾನೆ. ಕತ್ತಿ ಎಲ್ಲಿ ಹೋಯಿತೋ. ನಿನ್ನ ಕಥೆಯ ಕೊನೆಗೂ ಇಂಥ ಒಂದು ಬುಟ್ಟಿ ಬೇಕು ಅಂತ ನನ್ನಾಸೆ.

• ಹಗೆಯನ್ನು ಬೇಲಿಯಾಚೆ ಹುಡುಕಬೇಡ. ಕೆಳದಿಯವರ ರಾಜಧಾನಿ ಬಿದನೂರಿನ ಸುತ್ತ ಮೈಲುಗಟ್ಟಲೆ ಕಾಡೇ ಕೋಟೆಯಾಗಿತ್ತು. 1763ರಲ್ಲಿ ಹೈದರಾಲಿಗೆ ಒಳದಾರಿ ತೋರಿಸಿದವನು ಸೆರೆಯಲ್ಲಿದ್ದ ಅಲ್ಲಿಯದೇ ಹಳೇ ಮಂತ್ರಿ ಅಂತ ಇತಿಹಾಸ ಬರೆದವರು ಹೇಳುತ್ತಾರೆ. ನಿನ್ನ ಕಥೆಯಲ್ಲೂ ಒಬ್ಬನನ್ನು ಕತ್ತಲಕೋಣೆಗೆ ಹಾಕಿ ಮರೆತೇಬಿಟ್ಟಿದ್ದೀಯ, ಇಪ್ಪತ್ತೆರಡನೇ ಪುಟ. ಅವನಿಗೆ ಕಾಡಿನ ದಾರಿ ಚೆನ್ನಾಗಿ ಗೊತ್ತಿರುತ್ತದೆ.

• ಬಾಗಿಲು ತಟ್ಟಿದವನಿಗೆ ಏನು ಮಾಡುತ್ತಾರೆ? 1689ರಲ್ಲಿ ಶಿವಾಜಿಯ ಮಗ ರಾಜಾರಾಮ ವೇಷ ಮರೆಸಿಕೊಂಡು ಬಂದಾಗ ಕೆಳದಿಯ ರಾಣಿ ಚೆನ್ನಮ್ಮ ಆಶ್ರಯ ಕೊಟ್ಟಳು. ಔರಂಗಜೇಬನ ಸೈನ್ಯ ಬಂದೇ ಬಂತು. ಕಾದಾಡಿದರು, ಕೊನೆಗೆ ಸಂಧಿಯಾಯಿತು. ಬದುಕುಳಿಯುವುದೇ ಗುರಿಯಾಗಿದ್ದರೆ ಅವಳು ಬಾಗಿಲು ತೆರೆಯಬಾರದಿತ್ತು. ನಿನ್ನ ಸೇನಾಪತಿ ಇಲ್ಲಿ ಏನು ಮಾಡುತ್ತಾನೆ ಅಂತ ಗೊತ್ತಾಗದೆ ಮುಂದಿನ ಪುಟ ಬರೆಯಬೇಡ.

ಮಳೆ ಒಂಚೂರು ಹೊಳವಾದರೆ ಭಾನುವಾರ ಕವಲೇದುರ್ಗಕ್ಕೆ ಹೋಗೋಣ. ಮೂರು ಸುತ್ತಿನ ಕೋಟೆ, ಬೆಟ್ಟದ ಮೇಲೆ ಕೊಳಗಳು, ಅರಮನೆ ಬಿದ್ದ ಜಾಗದಲ್ಲಿ ಒಂದು ಕಲ್ಲಿನ ಒಲೆ ಹಾಗೇ ಉಳಿದಿದೆ. ಮೂರನೇ ಬಾಗಿಲವರೆಗೆ ನನ್ನ ಮಂಡಿ ಬರುತ್ತದೋ ಇಲ್ಲವೋ, ನೀನು ಹತ್ತಿ ಒಲೆ ಅಳೆದುಕೊಂಡು ಬಾ, ಎಷ್ಟು ಜನಕ್ಕೆ ಬೇಯಿಸಬಹುದು ಅಂತ ಲೆಕ್ಕ ಹಾಕೋಣ. ಅಜ್ಜಿ ಚಿತ್ರಾನ್ನ ಕಟ್ಟಿಕೊಡುತ್ತೇನೆ ಅಂದಿದ್ದಾಳೆ. ಅವಳ ಕೈಯಲ್ಲಿ ಉಪ್ಪು ಯಾವಾಗಲೂ ಸ್ವಲ್ಪ ಕಡಿಮೆಯೇ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡ.